ಬಾಣಂತಿಯ ಮೀನು – ತಾಟೆ ಮರಿ

ಹಮ್ದಾನ್ ಸ್ಟ್ರೀಟಿನಲ್ಲಿ ವಾಸವಾಗಿರುವ ಕರಾವಳಿಯ ಕುಟುಂಬವೊಂದರಲ್ಲಿ ಮಗು ಹುಟ್ಟಿತೆಂದರೆ, ಬಾಣಂತನಕ್ಕೆಂದು ಊರಿನಿಂದ ಬಂದ ತಾಯಿಯೋ ಅತ್ತೆಯೋ ಮೊದಲ ವಾರದಲ್ಲಿಯೇ ಕೇಳುವ ಪ್ರಶ್ನೆಗಳು ಎರಡು. ಒಂದು, ಈ ಬಚ್ಚಲಿನಲ್ಲಿ ಹಂಡೆ ಏಕಿಲ್ಲ ಎಂಬುದು. ಎರಡನೆಯದು, ‘ಇಲ್ಲಿ ತಾಟೆ ಮರಿ ಸಿಗುತ್ತದೆಯೇ?’ ಎಂಬುದು. ಮೊದಲನೆಯ ಪ್ರಶ್ನೆಗೆ ಗೀಸರಿನ ಕಡೆ ಕೈ ತೋರಿಸಿ ಹೇಗೋ ಸಮಾಧಾನ ಹೇಳಬಹುದು. ಎರಡನೆಯದಕ್ಕೆ ಉತ್ತರ ಹುಡುಕಿಕೊಂಡು ಮನೆಯ ಯಜಮಾನರು ಶುಕ್ರವಾರವೋ ಶನಿವಾರವೋ ಬೆಳಿಗ್ಗೆ ಬೇಗನೆ ಎದ್ದು ಮೀನಾ ಬಂದರಿನ ಮೀನು ಮಾರುಕಟ್ಟೆಗೆ ಹೋಗಬೇಕಾಗುತ್ತದೆ. ಅಲ್ಲಿ ಹಮೂರ್, ಶೇರಿ, ಕನಾದ್‌ಗಳ ರಾಶಿಯ ಪಕ್ಕದಲ್ಲಿ, ಒಂದು ಮೊಳದಿಂದ ಎರಡು ಮೊಳ ಉದ್ದದ, ಬೂದು ಬಣ್ಣದ, ಚೂಪು ಮೂತಿಯ ಮೀನುಗಳನ್ನು ಕೆಲವು ದಿನಗಳಲ್ಲಿ ಸಾಲಾಗಿ ಮಲಗಿಸಿರುತ್ತಾರೆ. ಇಲ್ಲಿಯವರು ಅದನ್ನು ಜರ್ಜೂರ್ ಎನ್ನುತ್ತಾರೆ. ಜಕಾರವನ್ನು ಯಕಾರ ಮಾಡುವ ಇಲ್ಲಿಯ ಆಡುಮಾತಿನಲ್ಲಿ ಅದೇ ಯರ್ಯೂರ್. ನಮ್ಮವರ ಬಾಯಲ್ಲಿ ಅದು ತಾಟೆ. ಶಾಲೆಯ ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಶಾರ್ಕ್.

ಶಾಕಾಹಾರಿಗಳಾದ ಸದಸ್ಯ ಬಂಧುಗಳು ಈ ಲೇಖನವನ್ನು ಇಲ್ಲಿಗೇ ಬಿಟ್ಟು ಮುಂದಿನ ಪುಟಕ್ಕೆ ಹೋಗಬೇಡಿರೆಂದು ವಿನಂತಿ. ಇದು ಅಡುಗೆಯ ಲೇಖನವಲ್ಲ. ಒಂದು ಸಣ್ಣ ಪ್ರಾಣಿಯ ಕಥೆ, ಸ್ವಲ್ಪ ರಸಾಯನಶಾಸ್ತ್ರ, ಮತ್ತು ಮನೆಯಲ್ಲಿ ಹಸುಗೂಸು ಇರುವವರೆಲ್ಲರೂ ತಿಳಿದಿರಬೇಕಾದ ಒಂದು ಲೆಕ್ಕ, ಇಷ್ಟೇ ಇದರಲ್ಲಿರುವುದು. ನಾನು ರಸಾಯನಶಾಸ್ತ್ರ ಓದಿದವಳು, ಪ್ರಾಣಿಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಈ ಮೀನು ಎರಡು ಶಾಸ್ತ್ರಗಳ ನಡುವಿನ ಗಡಿಯಲ್ಲಿಯೇ ಈಜಾಡುತ್ತಿರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಹೆಸರಿನಲ್ಲಿ ಹಾಲು

ಬಾಣಂತಿಗೆ ಸಣ್ಣ ಶಾರ್ಕಿನ ಮಾಂಸ ಕೊಟ್ಟರೆ ಎದೆಹಾಲು ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಕರಾವಳಿಗೆ ಮಾತ್ರ ಸೇರಿದ್ದಲ್ಲ. ತಮಿಳುನಾಡಿನಲ್ಲಿ ಇದೇ ಮೀನಿಗೆ ‘ಪಾಲ್ ಸುರಾ’ ಎಂದೇ ಹೆಸರು; ಪಾಲ್ ಎಂದರೆ ಹಾಲು. ಬೇಯಿಸಿ ಪುಡಿ ಮಾಡಿ, ಈರುಳ್ಳಿ ಬೆಳ್ಳುಳ್ಳಿ ಹಾಕಿ ಹುರಿದ ‘ಸುರಾ ಪುಟ್ಟು’ ಅಲ್ಲಿ ಬಾಣಂತಿಯ ಎಲೆಗೆ ಬೀಳುತ್ತದೆ. ಮಲಯಾಳಿಗಳು ಸ್ರಾವು ಎನ್ನುತ್ತಾರೆ; ಕೊಂಕಣಿಯವರು ಮೋರಿ ಎನ್ನುತ್ತಾರೆ. ಇಂಗ್ಲಿಷಿನಲ್ಲಿಯೂ ಇದರ ಹೆಸರು ಮಿಲ್ಕ್ ಶಾರ್ಕ್, ಅಂದರೆ ಹಾಲು ಶಾರ್ಕ್. ಭಾರತದ ಈ ನಂಬಿಕೆಯಿಂದಲೇ ಇಂಗ್ಲಿಷಿನ ಹೆಸರು ಬಂದಿತೆಂದು ಮೀನುಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ನಮ್ಮ ಅಜ್ಜಿಯಂದಿರ ಮಾತು ಪ್ರಪಂಚದ ವಿಜ್ಞಾನ ಗ್ರಂಥಗಳಿಗೆ ಹೋಗಿ ಕುಳಿತಿರುವ ಅಪರೂಪದ ಉದಾಹರಣೆ ಇದು.

ಶಾಸ್ತ್ರೀಯವಾಗಿ ಇದರ ಹೆಸರು ರೈಜೋಪ್ರಿಯೊನೋಡಾನ್ ಅಕ್ಯೂಟಸ್. 1837ರಲ್ಲಿ ಇದನ್ನು ಮೊದಲು ವರ್ಣಿಸಿದವರು ಜರ್ಮನಿಯ ನಿಸರ್ಗಶಾಸ್ತ್ರಜ್ಞ ಎಡುವಾರ್ಡ್ ರುಪ್ಪೆಲ್. ಅವರ ಕೈಗೆ ಸಿಕ್ಕಿದ ಮೀನು ಕೆಂಪು ಸಮುದ್ರದ ಜೆಡ್ಡಾದ್ದು. ಅಕ್ಯೂಟಸ್ ಎಂದರೆ ಲ್ಯಾಟಿನಿನಲ್ಲಿ ಚೂಪು. ಮೂತಿಯನ್ನು ನೋಡಿದವರಿಗೆ ಕಾರಣ ಕೇಳಬೇಕಾಗಿಲ್ಲ. ಜೆಡ್ಡಾದಲ್ಲಿ ನಾಮಕರಣವಾದ ಈ ಮೀನು ಆಫ್ರಿಕದ ಪಶ್ಚಿಮ ತೀರದಿಂದ ಹಿಡಿದು ಅರಬ್ಬೀ ಸಮುದ್ರ, ಈ ಕೊಲ್ಲಿ, ನಮ್ಮ ಕರಾವಳಿ, ಜಪಾನ್ ಮತ್ತು ಆಸ್ಟ್ರೇಲಿಯದವರೆಗೂ ಇದೆ. ಆದ್ದರಿಂದ ಮಲ್ಪೆಯಲ್ಲಿ ಕಂಡ ತಾಟೆಯನ್ನೇ ಮೀನಾದಲ್ಲಿಯೂ ಕಂಡೆ ಎಂದು ಯಾರಾದರೂ ಹೇಳಿದರೆ ಅದು ಊರ ನೆನಪಿನ ಭ್ರಮೆಯಾಗಿರಬೇಕಾಗಿಲ್ಲ. ಜಾತಿ ಒಂದೇ ಇರಬಹುದು.

ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ ನಮ್ಮ ಸದಸ್ಯರಿಗೆ ಇನ್ನೊಂದು ಹೆಸರು ಈಗಾಗಲೇ ನೆನಪಾಗಿರಬೇಕು: ಸ್ಕೋಲಿಯೊಡಾನ್. ಫಾರ್ಮಲಿನ್ ವಾಸನೆಯ ತಟ್ಟೆಯಲ್ಲಿ ಮಲಗಿಸಿ ಕತ್ತರಿಸುತ್ತಿದ್ದ ಆ ಶಾರ್ಕ್ ಇದರ ಹತ್ತಿರದ ನೆಂಟ. ಅದರ ಅಂಗರಚನೆಯ ಮೇಲೆ ಇ. ಎಂ. ತಿಲ್ಲೈಯಂಪಳಂ ಎಂಬ ಮಹಿಳೆ 1928ರಲ್ಲಿ ಬರೆದ ಗ್ರಂಥವನ್ನು ನಮ್ಮ ದೇಶದ ಕಾಲೇಜುಗಳು ಹಲವು ದಶಕಗಳ ಕಾಲ ಆಧಾರವಾಗಿ ಬಳಸಿದವು. ಹಳೆಯ ಪುಸ್ತಕಗಳಲ್ಲಿ ಹಾಲು ಶಾರ್ಕನ್ನೂ ಸ್ಕೋಲಿಯೊಡಾನ್ ಗುಂಪಿಗೇ ಸೇರಿಸುತ್ತಿದ್ದರು. 1964ರಲ್ಲಿ ಅಮೆರಿಕದ ವಿಕ್ಟರ್ ಸ್ಪ್ರಿಂಗರ್ ಎಂಬ ವಿಜ್ಞಾನಿ ಈ ಗುಂಪನ್ನೆಲ್ಲ ಮತ್ತೆ ಪರಿಶೀಲಿಸಿ ಮನೆ ಬೇರೆ ಬೇರೆ ಮಾಡಿಕೊಟ್ಟರು.

ಗುರುತು ಹಿಡಿಯುವುದು ಹೇಗೆ?

ಮಾರುಕಟ್ಟೆಯಲ್ಲಿ ‘ತಾಟೆ ಮರಿ’ ಎಂದು ಮಾರುವ ಮೀನು ಯಾವಾಗಲೂ ಮರಿಯಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಅದು ಒಂದೋ ಸಣ್ಣ ಜಾತಿಯ ಬೆಳೆದ ಮೀನು, ಇಲ್ಲವೇ ದೊಡ್ಡ ಜಾತಿಯ ನಿಜವಾದ ಮರಿ. ಹಾಲು ಶಾರ್ಕ್ ಮೊದಲನೆಯ ಬಗೆಯದು. ಸಾಮಾನ್ಯವಾಗಿ ಒಂದು ಮೀಟರಿನಷ್ಟು ಬೆಳೆಯುತ್ತದೆ; ಆಫ್ರಿಕದ ಪಶ್ಚಿಮ ತೀರದಲ್ಲಿ ಮಾತ್ರ ಇನ್ನೂ ಉದ್ದದವು, ಸುಮಾರು ಒಂದೂ ಮುಕ್ಕಾಲು ಮೀಟರಿನವು ಸಿಕ್ಕಿವೆ.

ಬೆನ್ನು ಬೂದು ಅಥವಾ ಕಂಚಿನ ಛಾಯೆಯ ಬೂದು, ಹೊಟ್ಟೆ ಬಿಳಿ. ಮೂತಿ ಉದ್ದ ಮತ್ತು ಚೂಪು. ಬಾಯಿಯ ಎರಡೂ ಮೂಲೆಗಳಲ್ಲಿ, ವಯಸ್ಸಾದವರ ಕೆನ್ನೆಯ ಗೆರೆಯಂತೆ, ಉದ್ದನೆಯ ಗೀರು ಸ್ಪಷ್ಟವಾಗಿ ಕಾಣುತ್ತದೆ. ಇದು ಮುಖ್ಯವಾದ ಗುರುತು. ಇನ್ನೊಂದು ಗುರುತು ಹಿಂದುಗಡೆ: ಬೆನ್ನಿನ ಮೇಲಿನ ಎರಡನೆಯ ಸಣ್ಣ ರೆಕ್ಕೆ, ಹೊಟ್ಟೆಯ ಕಡೆ ಬಾಲದ ಹತ್ತಿರವಿರುವ ರೆಕ್ಕೆಗಿಂತ ಸ್ಪಷ್ಟವಾಗಿ ಹಿಂದಕ್ಕೆ ಸರಿದಿರುತ್ತದೆ. ಸ್ಕೋಲಿಯೊಡಾನಿಗಾದರೋ ಮೂತಿ ಸನಿಕೆಯಂತೆ ಚಪ್ಪಟೆ. ರೆಕ್ಕೆಯ ತುದಿಗಳಿಗೆ ಎದ್ದು ಕಾಣುವಂತೆ ಕಪ್ಪು ಬಳಿದಂತಿದ್ದರೆ ಅದು ಬೇರೆ ಜಾತಿ. ತಲೆ ಸುತ್ತಿಗೆಯ ಆಕಾರದಲ್ಲಿದ್ದರೆ ಅದು ಸುತ್ತಿಗೆ ಶಾರ್ಕಿನ ಮರಿ. ಸುತ್ತಿಗೆ ಶಾರ್ಕುಗಳಲ್ಲಿ ದೊಡ್ಡ ಜಾತಿಗಳು ಈಗ ಸಮುದ್ರದಿಂದ ಮಾಯವಾಗುವ ಅಂಚಿನಲ್ಲಿವೆ. ಅದನ್ನು ಕೊಳ್ಳದಿರುವುದು ಲೇಸು.

ಮುಟ್ಟಿ ನೋಡಿದರೆ ಇನ್ನೊಂದು ವಿಶೇಷ ತಿಳಿಯುತ್ತದೆ. ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ನುಣುಪು. ಬಾಲದಿಂದ ತಲೆಯ ಕಡೆಗೆ ಕೈಯಾಡಿಸಿದರೆ ಬಡಗಿಯ ಉಪ್ಪು ಕಾಗದ. ಬಂಗುಡೆಗಿರುವಂತಹ ಹುರುಪೆ ಇದಕ್ಕಿಲ್ಲ. ಚರ್ಮದ ತುಂಬ ಅತಿ ಸಣ್ಣ ಹಲ್ಲುಗಳಂತಹ ರಚನೆಗಳಿವೆ. ನಮ್ಮ ಹಲ್ಲಿನ ಹಾಗೆಯೇ ಹೊರಗೆ ಗಟ್ಟಿ ಲೇಪ, ಒಳಗೆ ತಿರುಳು. ಒಳಗಿನ ಅಸ್ಥಿಪಂಜರವೆಲ್ಲ ನಮ್ಮ ಕಿವಿಯ ಹಾಲೆಯಲ್ಲಿರುವಂತಹ ಮೃದುವಾದ ಎಲುಬು. ಆದ್ದರಿಂದಲೇ ಮುಳ್ಳಿನ ಭಯವಿಲ್ಲವೆಂದು ಮಕ್ಕಳಿಗೂ ಮುದುಕರಿಗೂ ಈ ಮೀನು ಕೊಡುವ ವಾಡಿಕೆ ಬೆಳೆದಿರಬೇಕು.

ಈ ಶಾರ್ಕ್ ದಡದ ಮೀನು. ಮರಳು ತಳದ, ಹೆಚ್ಚು ಆಳವಿಲ್ಲದ ನೀರು, ಅಳಿವೆಗಳ ಬಾಯಿ, ಇವೇ ಇದರ ವಾಸಸ್ಥಾನ; ಇನ್ನೂರು ಮೀಟರ್ ಆಳದವರೆಗೂ ಇಳಿಯಬಲ್ಲದಾದರೂ ದಡವನ್ನು ಬಿಟ್ಟು ಬಹಳ ದೂರ ಹೋಗುವುದಿಲ್ಲ. ಸಣ್ಣ ಮೀನು, ಕಪ್ಪೆ ಬೊಂಡಾಸ, ಸಿಗಡಿ, ಏಡಿ ಇದರ ಆಹಾರ. ಮರಳಿನೊಳಗೆ ಅಡಗಿರುವ ಮೀನಿನ ಸ್ನಾಯು ಮಿಡಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಸಹ ಶಾರ್ಕಿನ ಮೂತಿಯ ಮೇಲಿನ ಸಣ್ಣ ರಂಧ್ರಗಳು ಗ್ರಹಿಸುತ್ತವೆ. ಈ ರಂಧ್ರಗಳನ್ನು ಇಟಲಿಯ ಲೊರೆಂಜೀನಿ 1678ರಲ್ಲಿಯೇ ವರ್ಣಿಸಿದ್ದರು. ಅವು ವಿದ್ಯುತ್ತನ್ನು ಗ್ರಹಿಸಿ ಬೇಟೆಯನ್ನು ಹುಡುಕಲು ನೆರವಾಗುತ್ತವೆ ಎಂದು ಪ್ರಯೋಗದಿಂದ ಗಟ್ಟಿಯಾದದ್ದು ಸುಮಾರು ಮುನ್ನೂರು ವರ್ಷಗಳ ಮೇಲೆ. ಕಾರ್ನಿಷಿನಲ್ಲಿ ಮಕ್ಕಳನ್ನು ನೀರಿಗಿಳಿಸುವ ತಾಯಂದಿರಿಗೆ ಒಂದು ಮಾತು: ಹಾಲು ಶಾರ್ಕಿನಿಂದ ಮನುಷ್ಯರಿಗೆ ಅಪಾಯವಿಲ್ಲ. ಅದಕ್ಕೇ ದೊಡ್ಡ ಶಾರ್ಕುಗಳ ಭಯ ಹೆಚ್ಚು.

ಮೊಟ್ಟೆಯಿಡುವ ಮೀನಲ್ಲ, ಹೆರುವ ಮೀನು

ಈ ಮೀನಿನಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ ವಿಷಯ ಇದು. ಬೂತಾಯಿ, ಬಂಗುಡೆಗಳು ಸಹಸ್ರಾರು ಮೊಟ್ಟೆಗಳನ್ನು ನೀರಿಗೆ ಚೆಲ್ಲಿ ತಮ್ಮ ಪಾಡಿಗೆ ಹೋಗಿಬಿಡುತ್ತವೆ. ಸಾವಿರದಲ್ಲಿ ಒಂದು ಬದುಕಿದರೂ ಸಂತತಿ ನಿಲ್ಲುತ್ತದೆ. ಹಾಲು ಶಾರ್ಕ್ ಹಾಗಲ್ಲ. ಅದು ಗರ್ಭ ಧರಿಸುತ್ತದೆ. ಗರ್ಭದಲ್ಲಿರುವ ಮರಿ ಮೊದಲು ತನ್ನ ಮೊಟ್ಟೆಯ ಭಂಡಾರವನ್ನು ತಿಂದು ಬೆಳೆಯುತ್ತದೆ. ಅದು ಮುಗಿಯುತ್ತಾ ಬಂದಂತೆ ಆ ಭಂಡಾರದ ಚೀಲವೇ ತಾಯಿಯ ಗರ್ಭಕೋಶದ ಗೋಡೆಗೆ ಅಂಟಿಕೊಂಡು ಮಾಸಾಗಿ ಮಾರ್ಪಡುತ್ತದೆ. ಅದಕ್ಕೂ ಮರಿಗೂ ನಡುವೆ ಹೊಕ್ಕುಳಬಳ್ಳಿ ಬೆಳೆಯುತ್ತದೆ. ಅಲ್ಲಿಂದ ಮುಂದೆ ತಾಯಿಯೇ ಮರಿಗೆ ಅನ್ನ ಕೊಡುತ್ತಾಳೆ. ಕೆಲವು ಶಾರ್ಕುಗಳಲ್ಲಿ ಹೀಗಿರುವುದನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಸಿನ ಅರಿಸ್ಟಾಟಲ್ ಬರೆದಿಟ್ಟಿದ್ದ. ಬಹಳ ಕಾಲ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ನಿನ ಯೋಹಾನೆಸ್ ಮ್ಯುಲರ್ ಕತ್ತರಿಸಿ ನೋಡಿ ಅರಿಸ್ಟಾಟಲನ ಮಾತು ಸರಿಯೆಂದು ತೋರಿಸಿದರು.

ಹಾಲು ಶಾರ್ಕಿನ ಗರ್ಭದ ಅವಧಿ ಸುಮಾರು ಒಂದು ವರ್ಷ, ನಮ್ಮ ನವಮಾಸಕ್ಕಿಂತಲೂ ಹೆಚ್ಚು. ಒಂದು ಹೆರಿಗೆಗೆ ಒಂದರಿಂದ ಎಂಟು ಮರಿ. ಸಾಧಾರಣವಾಗಿ ಎರಡರಿಂದ ಐದು. ಹುಟ್ಟುವಾಗಲೇ ಮರಿ ಒಂದು ಅಡಿಗಿಂತ ಉದ್ದ. ತಾಯಿಯ ಉದ್ದ ಒಂದು ಮೀಟರ್ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ ಆ ಗರ್ಭದ ಭಾರ ಎಷ್ಟೆಂಬುದು ತಿಳಿದೀತು. ಹುಟ್ಟಿದ ಕ್ಷಣದಿಂದ ಮರಿ ಸ್ವತಂತ್ರ. ಹಾಲೂಡಿಸುವ ಪ್ರಶ್ನೆಯೇ ಇಲ್ಲ. ಹೆಸರಿನಲ್ಲಿ ಹಾಲಿದ್ದರೂ ಈ ತಾಯಿಗೆ ಹಾಲಿಲ್ಲ. ಕೊಡಬೇಕಾದದ್ದನ್ನೆಲ್ಲ ಅವಳು ಮೊದಲೇ ಹೊಕ್ಕುಳಬಳ್ಳಿಯ ಮೂಲಕ ಕೊಟ್ಟು ಮುಗಿಸಿರುತ್ತಾಳೆ.

ಈಗ ಸಣ್ಣ ಲೆಕ್ಕ. ಶಾರ್ಕುಗಳ ಪೈಕಿ ಇದು ಬೇಗ ಬೆಳೆಯುವ ಜಾತಿ. ಎರಡು ಮೂರು ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ, ಎಂಟು ವರ್ಷಗಳಾದರೂ ಬದುಕಬಲ್ಲದು. ಐದು ಹೆರಿಗೆ, ಹೆರಿಗೆಗೆ ನಾಲ್ಕು ಮರಿ ಎಂದಿಟ್ಟುಕೊಂಡರೂ ಇಡೀ ಆಯುಸ್ಸಿಗೆ ಇಪ್ಪತ್ತು ಮರಿ. ಒಂದು ಬೂತಾಯಿ ಒಂದೇ ಋತುವಿನಲ್ಲಿ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಬಲೆ ಎರಡಕ್ಕೂ ಒಂದೇ. ಬೂತಾಯಿ ಒಂದು ವರ್ಷ ಕೈಕೊಟ್ಟರೂ ಮಳೆ, ಗಾಳಿ, ನೀರು ಅನುಕೂಲವಾದಾಗ ಮತ್ತೆ ತುಂಬಿಕೊಳ್ಳಬಲ್ಲದು. ತಾಟೆ ಒಮ್ಮೆ ಕಡಿಮೆಯಾದರೆ ತುಂಬಿಕೊಳ್ಳುವುದು ಬಹಳ ನಿಧಾನ.

ಆ ವಾಸನೆ ಎಲ್ಲಿಂದ ಬರುತ್ತದೆ?

ಇನ್ನು ನನ್ನ ಶಾಸ್ತ್ರಕ್ಕೆ ಬರುತ್ತೇನೆ. ತಾಟೆ ಬೇಯಿಸಿದ ಮನೆಯನ್ನು ಲಿಫ್ಟಿನಿಂದ ಹೊರಬೀಳುತ್ತಿದ್ದಂತೆಯೇ ಗುರುತಿಸಬಹುದು ಎಂದು ನಮ್ಮ ಕಟ್ಟಡದ ನೆರೆಯವರು ತಮಾಷೆ ಮಾಡುವುದುಂಟು. ಮೀನು ಸ್ವಲ್ಪ ಹಳೆಯದಾದರೆ ಮೂಗಿಗೆ ಹೊಡೆಯುವ ಈ ಘಾಟು ಅಮೋನಿಯದ್ದು. ಬೇರೆ ಮೀನಿಗಿಲ್ಲದ ಈ ಘಾಟು ಶಾರ್ಕಿಗೇ ಏಕೆ?

ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಅದು ಮುರುಟಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಹೊರಗೆ ಉಪ್ಪು ಹೆಚ್ಚು, ಒಳಗೆ ಕಡಿಮೆ. ಆದ್ದರಿಂದ ಒಳಗಿನ ನೀರು ಹೊರಗೆ ಬರುತ್ತದೆ. ಸಮುದ್ರದ ಮೀನಿನ ಕಷ್ಟವೂ ಇದೇ. ಅದರ ರಕ್ತದಲ್ಲಿರುವ ಉಪ್ಪು ಸಮುದ್ರದ ಉಪ್ಪಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಬಂಗುಡೆಯಂತಹ ಮೀನು ಹಗಲಿರುಳು ಸಮುದ್ರದ ನೀರು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತಾ ಮಿಡಿಯಂತೆ ಮುರುಟದೆ ಬದುಕುತ್ತದೆ. ಶಾರ್ಕ್ ಬೇರೆ ಉಪಾಯ ಹೂಡಿದೆ. ನಾವು ಮೂತ್ರದಲ್ಲಿ ಹೊರಹಾಕುವ ಯೂರಿಯಾವನ್ನು ಅದು ಬಿಸಾಡದೆ ರಕ್ತದಲ್ಲಿಯೂ ಮಾಂಸದಲ್ಲಿಯೂ ತುಂಬಿಟ್ಟುಕೊಳ್ಳುತ್ತದೆ. ಉಪ್ಪಿನ ಕೊರತೆಯನ್ನು ಯೂರಿಯಾ ತುಂಬಿಕೊಡುತ್ತದೆ. ಒಳಗೂ ಹೊರಗೂ ಸಮತೂಕವಾಗಿ ನೀರು ಸೋರುವುದು ನಿಲ್ಲುತ್ತದೆ.

ಎಷ್ಟು ಯೂರಿಯಾ? ಒಂದು ಲೀಟರಿಗೆ ಸುಮಾರು 20 ಗ್ರಾಂ. ಆರೋಗ್ಯವಂತ ಮನುಷ್ಯನ ರಕ್ತದಲ್ಲಿರುವುದಕ್ಕಿಂತ ಅರುವತ್ತು ಎಪ್ಪತ್ತು ಪಟ್ಟು ಹೆಚ್ಚು. 1828ರಲ್ಲಿ ವೋಲರ್ ಪ್ರಯೋಗಶಾಲೆಯಲ್ಲಿ ತಯಾರಿಸಿದ, ನಮ್ಮ ಪಣಂಬೂರಿನಲ್ಲಿಯೂ ಇಲ್ಲಿಯ ರುವೈಸ್‌ನಲ್ಲಿಯೂ ಗೊಬ್ಬರಕ್ಕಾಗಿ ಟನ್ನುಗಟ್ಟಲೆ ತಯಾರಾಗುವ ಯೂರಿಯಾವೇ ಇದು. ಇಷ್ಟು ಯೂರಿಯಾ ನಮ್ಮ ಮೈಯಲ್ಲಿದ್ದರೆ ಪ್ರೋಟೀನುಗಳೆಲ್ಲ ಮಡಿಕೆ ಬಿಚ್ಚಿಕೊಂಡು ಕೆಲಸ ಕೆಡುತ್ತಿತ್ತು. ಶಾರ್ಕ್ ಅದಕ್ಕೂ ಮದ್ದು ಇಟ್ಟುಕೊಂಡಿದೆ: ಟ್ರೈಮಿಥೈಲಮೀನ್ ಆಕ್ಸೈಡ್ ಎಂಬ ಇನ್ನೊಂದು ವಸ್ತು. ಯೂರಿಯಾ ಎರಡು ಪಾಲಿಗೆ ಇದು ಸುಮಾರು ಒಂದು ಪಾಲು. ಒಂದು ಬಿಚ್ಚುತ್ತದೆ, ಇನ್ನೊಂದು ಮಡಿಸುತ್ತದೆ. ಅತ್ತೆ ಸೊಸೆಯರಂತೆ ಒಂದನ್ನೊಂದು ಹದದಲ್ಲಿಟ್ಟು ಸಂಸಾರ ನಡೆಯುತ್ತದೆ.

ಮೀನು ಸತ್ತ ಮೇಲೆ ಈ ಏರ್ಪಾಡೇ ತೊಂದರೆ ಕೊಡುತ್ತದೆ. ಬ್ಯಾಕ್ಟೀರಿಯಗಳು ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಆಕ್ಸೈಡನ್ನು ಒಡೆದು ಹಸಿಮೀನಿನ ನಾತದ ಟ್ರೈಮಿಥೈಲಮೀನ್ ಮಾಡುತ್ತವೆ. ಇವೆರಡೂ ಕ್ಷಾರಗಳು. ಕ್ಷಾರಕ್ಕೆ ಮದ್ದು ಆಮ್ಲ. ನಮ್ಮ ಹಿರಿಯರು ಶಾರ್ಕಿನ ತುಂಡುಗಳನ್ನು ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಹುಣಸೆ ಹುಳಿಯಲ್ಲೋ ಮಜ್ಜಿಗೆಯಲ್ಲೋ ನೆನೆಯಿಟ್ಟು, ಆಮೇಲೆ ಹುಳಿ ಖಾರ ಮುಂದಾಗಿ ಬೇಯಿಸುತ್ತಿದ್ದರಲ್ಲ, ಅದು ಬರಿಯ ರುಚಿಗಲ್ಲ. ಯೂರಿಯಾ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. 100 ಗ್ರಾಂ ನೀರು 100 ಗ್ರಾಂಗಿಂತಲೂ ಹೆಚ್ಚು ಯೂರಿಯಾವನ್ನು ಕರಗಿಸಿಕೊಳ್ಳಬಲ್ಲದು. ತೊಳೆದರೆ ಸ್ವಲ್ಪ ಯೂರಿಯಾ ಹೋಗುತ್ತದೆ. ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲ, ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಅಮೋನಿಯವನ್ನು ಹಿಡಿದು ಲವಣ ಮಾಡಿಬಿಡುತ್ತವೆ. ಲವಣ ಗಾಳಿಗೆ ಏರುವುದಿಲ್ಲ, ಮೂಗಿಗೆ ಬರುವುದಿಲ್ಲ. ಪ್ರಯೋಗಶಾಲೆ ನೋಡದ ಅಜ್ಜಿಯಂದಿರು ಆಮ್ಲ–ಕ್ಷಾರದ ಪಾಠವನ್ನು ಮಣ್ಣಿನ ಗಡಿಗೆಯಲ್ಲಿ ಮಾಡಿ ಮುಗಿಸಿದ್ದರು.

ಈ ತೀರದವರಿಗೂ ಇದು ಗೊತ್ತು. ಇಲ್ಲಿಯವರು ಸಣ್ಣ ಶಾರ್ಕನ್ನು ಬೇಯಿಸಿ, ಚರ್ಮ ತೆಗೆದು, ಪುಡಿ ಮಾಡಿ, ಈರುಳ್ಳಿ ಮಸಾಲೆಗಳೊಡನೆ ಹುರಿದು ಅನ್ನದ ಜೊತೆ ಬಡಿಸುತ್ತಾರೆ. ಅದರ ಹೆಸರು ಜಶೀದ್. ಪಕ್ವಾನ್ನಕ್ಕೆ ಲೂಮಿ, ಅಂದರೆ ಒಣನಿಂಬೆಯ ಹುಳಿಯೂ ಬೀಳುವುದುಂಟು. ಸುರಾ ಪುಟ್ಟನ್ನು ಬಲ್ಲವರು ಜಶೀದನ್ನು ಬಾಯಿಗಿಟ್ಟರೆ ಅಪರಿಚಿತವೆನಿಸದು. ಉಪ್ಪು ಹಾಕಿ ಒಣಗಿಸಿದ ಶಾರ್ಕ್ ಇಲ್ಲಿ ಅವಾಲ್. ನಮ್ಮ ಒಣಮೀನಿನ ಅಣ್ಣತಮ್ಮ. ಒಂದೇ ಸಮುದ್ರದ ಎರಡು ದಡಗಳಲ್ಲವೇ?

ಹಾಲು ನಿಜವಾಗಿ ಹೆಚ್ಚುತ್ತದೆಯೇ?

ಇದಕ್ಕೆ ನೇರವಾಗಿ ಉತ್ತರ ಹೇಳುತ್ತೇನೆ, ಹಿರಿಯರು ಕೋಪಿಸಿಕೊಳ್ಳಬಾರದು. ಎದೆಹಾಲು ಮೀನಿನಿಂದ ಬರುವುದಲ್ಲ. ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಹಾಲು ತಯಾರಾಗುತ್ತದೆ. ಎಷ್ಟು ಸಲ ಮಗು ಕುಡಿದು ಎದೆ ಬರಿದಾಗುತ್ತದೆಯೋ ಅಷ್ಟು ಹಾಲು ಮತ್ತೆ ಬರುತ್ತದೆ. ಇದಕ್ಕೆ ಬೇಕಾದದ್ದು ತಾಯಿಗೆ ಹೊಟ್ಟೆ ತುಂಬ ಒಳ್ಳೆಯ ಊಟ, ಸಾಕಷ್ಟು ನೀರು, ನಿದ್ದೆ ಮತ್ತು ಮನಸ್ಸಿಗೆ ನೆಮ್ಮದಿ. ಪ್ರೋಟೀನು ಹೇರಳವಾಗಿರುವ, ಕೊಬ್ಬು ಕಡಿಮೆ ಇರುವ, ಮುಳ್ಳಿಲ್ಲದ, ಸುಲಭವಾಗಿ ಜೀರ್ಣವಾಗುವ ಮಾಂಸವೆಂದು ತಾಟೆ ಒಂದು ಕಾಲದ ಬಡ ಬೆಸ್ತರ ಮನೆಯಲ್ಲಿ ಬಾಣಂತಿಗೆ ನಿಜವಾಗಿಯೂ ಉಪಕಾರ ಮಾಡಿದ್ದೀತು. ಆ ಉಪಕಾರವನ್ನು ಜನ ಹಾಲಿನ ಲೆಕ್ಕಕ್ಕೆ ಬರೆದರು. ಅದೇ ಪ್ರೋಟೀನನ್ನು ಮೊಟ್ಟೆ, ಬೇಳೆ, ಮೊಸರು, ಬೇರೆ ಮೀನುಗಳೂ ಕೊಡುತ್ತವೆ. ತಾಟೆಯಲ್ಲಿ ಮಾತ್ರ ಇದ್ದು ಉಳಿದವುಗಳಲ್ಲಿ ಇಲ್ಲದ, ಹಾಲನ್ನು ತರುವ ವಸ್ತು ಎಂಬುದೇನೂ ಇಲ್ಲ.

ನಂಬಿಕೆ ನಿರುಪದ್ರವಿಯಾಗಿದ್ದರೆ ನಾನು ಈ ಮಾತು ಎತ್ತುತ್ತಿರಲಿಲ್ಲ. ಪಾದರಸದ ವಿಷಯವೊಂದಿದೆ.

ಒಂದು ಲೆಕ್ಕ

ಜ್ವಾಲಾಮುಖಿಗಳಿಂದಲೂ ಅದಕ್ಕಿಂತ ಹೆಚ್ಚಾಗಿ ಮನುಷ್ಯನ ಗಣಿ ಮತ್ತು ಕಲ್ಲಿದ್ದಲ ಒಲೆಗಳಿಂದಲೂ ಹೊರಬಿದ್ದ ಪಾದರಸ ಕೊನೆಗೆ ಸಮುದ್ರ ಸೇರುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸೂಕ್ಷ್ಮ ಸಸ್ಯದಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಅದನ್ನು ತಿನ್ನುವ ಮೀನಿಗೆ, ಮೆಟ್ಟಿಲು ಮೆಟ್ಟಿಲಾಗಿ ಅದು ಸಾಂದ್ರವಾಗುತ್ತಾ ಹೋಗುತ್ತದೆ. ಶಾರ್ಕ್ ಮೇಲಿನ ಮೆಟ್ಟಿಲಿನಲ್ಲಿರುವ ಮೀನು. ಮೀಥೈಲ್ ಪಾದರಸ ಕೊಬ್ಬಿನಲ್ಲಿ ತೇಲುವುದಲ್ಲ. ಮಾಂಸದ ಪ್ರೋಟೀನಿನಲ್ಲಿರುವ ಗಂಧಕಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಆದ್ದರಿಂದ ಹುಳಿ ಹಾಕಿ ನೆನೆಸಿದರೂ, ಚರ್ಮ ತೆಗೆದರೂ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಅಮೋನಿಯಕ್ಕಿದ್ದ ಅಜ್ಜಿಯ ಮದ್ದು ಇದಕ್ಕಿಲ್ಲ. ವಾಸನೆಯಿಲ್ಲ, ರುಚಿಯಿಲ್ಲ, ಆದ್ದರಿಂದ ಅಜ್ಜಿಗೆ ತಿಳಿಯುವ ದಾರಿಯೂ ಇರಲಿಲ್ಲ.

ಇದು ಬೆಳೆಯುವ ಮಿದುಳಿಗೆ ವಿಷ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಕೊಲ್ಲಿಯ ಮೀನಿಗೆ ಸೇರಿ, ಮೀನಿನಿಂದ ಜನರಿಗೆ ಸೇರಿದ ದುರಂತ 1956ರಲ್ಲಿ ಬೆಳಕಿಗೆ ಬಂತು. ತಾಯಿಗೆ ಹೇಳಿಕೊಳ್ಳುವಂತಹ ಲಕ್ಷಣಗಳು ಕಾಣದಿದ್ದರೂ ಗರ್ಭದ ಮಗು ತೀವ್ರವಾಗಿ ಅಂಗವಿಕಲವಾಗಿ ಹುಟ್ಟಿದ ಪ್ರಸಂಗಗಳು ಅಲ್ಲಿ ಕಂಡವು. ಮೀಥೈಲ್ ಪಾದರಸ ಮಾಸನ್ನು ದಾಟಿ ಮಗುವನ್ನು ತಲುಪುತ್ತದೆ. ಎದೆಹಾಲಿಗೂ, ಅಷ್ಟು ಪ್ರಮಾಣದಲ್ಲಿ ಅಲ್ಲದಿದ್ದರೂ, ಬರುತ್ತದೆ. ಮಿನಮಾಟಾದ ಮಟ್ಟಕ್ಕೂ ನಮ್ಮ ಮಾರುಕಟ್ಟೆಯ ಮೀನಿಗೂ ಹೋಲಿಕೆಯಿಲ್ಲ, ಯಾರೂ ಗಾಬರಿಯಾಗಬೇಕಾಗಿಲ್ಲ. ಆದರೆ ಲೆಕ್ಕ ಹಾಕುವುದು ತಪ್ಪಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ–ಕೃಷಿ ಸಂಸ್ಥೆಗಳ ತಜ್ಞರ ಸಮಿತಿ 2003ರಲ್ಲಿ ಹಾಕಿಕೊಟ್ಟ ಮಿತಿ ಹೀಗಿದೆ: ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. 60 ಕಿಲೋ ತೂಕದ ತಾಯಿಗೆ ವಾರಕ್ಕೆ 96 ಮೈಕ್ರೋಗ್ರಾಂ. ಈಗ ಬಾಣಂತಿ ದಿನಕ್ಕೆ 100 ಗ್ರಾಂನಂತೆ ವಾರಕ್ಕೆ 700 ಗ್ರಾಂ ತಾಟೆ ತಿಂದಳೆಂದು ಇಟ್ಟುಕೊಳ್ಳೋಣ. ಆ ಮೀನಿನಲ್ಲಿ ಕಿಲೋಗೆ ಕೇವಲ 0.2 ಮಿಲಿಗ್ರಾಂ ಪಾದರಸವಿದ್ದರೂ ವಾರದ ಒಟ್ಟು 140 ಮೈಕ್ರೋಗ್ರಾಂ ಆಯಿತು. ಮಿತಿ ದಾಟಿತು. ಇನ್ನು ಅಂತಾರಾಷ್ಟ್ರೀಯ ವ್ಯಾಪಾರಕ್ಕಾಗಿ ಕೋಡೆಕ್ಸ್ ಸಮಿತಿ 2018ರಲ್ಲಿ ಶಾರ್ಕಿಗೆ ಇಟ್ಟ ಗರಿಷ್ಠ ಮಟ್ಟ ಕಿಲೋಗೆ 1.6 ಮಿಲಿಗ್ರಾಂ, ಅಂದರೆ ನಮ್ಮ ಉದಾಹರಣೆಯ ಎಂಟು ಪಟ್ಟು. ‘ಮಾರಲು ಯೋಗ್ಯ’ ಎಂಬುದೂ ‘ಬಾಣಂತಿ ದಿನವೂ ತಿನ್ನಲು ಯೋಗ್ಯ’ ಎಂಬುದೂ ಬೇರೆ ಬೇರೆ ಮಾತುಗಳೆಂದು ಇದರಿಂದ ತಿಳಿಯುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಹಾಲು ಶಾರ್ಕ್ ಸಣ್ಣ ಮೀನು, ಅಲ್ಪಾಯುಷಿ. ಹತ್ತಾರು ವರ್ಷ ಬದುಕಿ ದೊಡ್ಡ ಮೀನುಗಳನ್ನೇ ತಿನ್ನುವ ಭಾರಿ ಶಾರ್ಕುಗಳಷ್ಟು ಪಾದರಸ ಅದರಲ್ಲಿ ಸೇರಲು ಕಾಲವಿಲ್ಲ. ಆದರೆ ಮಾರುಕಟ್ಟೆಯಲ್ಲಿ ತುಂಡು ಮಾಡಿಟ್ಟ ಮೇಲೆ ಯಾವುದು ಯಾವ ಶಾರ್ಕ್ ಎಂದು ಹೇಳುವವರು ಯಾರು? ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಸಣ್ಣ ಮಕ್ಕಳು ಬಿಡಬೇಕಾದ ಮೀನುಗಳ ಪಟ್ಟಿಯಲ್ಲಿ ಶಾರ್ಕನ್ನು ಹೆಸರಿಸಿದೆ. ಅದೇ ಇಲಾಖೆ ಇವರೆಲ್ಲರೂ ತಿನ್ನಬಹುದಾದ ಮೀನುಗಳ ಪಟ್ಟಿಯಲ್ಲಿ ಇಟ್ಟಿರುವುದು ಬೂತಾಯಿಯ ಜಾತಿಯನ್ನು. ಬೂತಾಯಿ ಕೆಳಗಿನ ಮೆಟ್ಟಿಲಿನ ಮೀನು, ಎರಡು ಮೂರು ವರ್ಷದ ಆಯುಸ್ಸು, ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳೇ ಅದರ ಆಹಾರ. ಪಾದರಸ ಕಡಿಮೆ, ಮಗುವಿನ ಮಿದುಳಿಗೆ ಬೇಕಾದ ಒಮೆಗಾ–3 ಕೊಬ್ಬು ಹೇರಳ. ಬೆಲೆಯೂ ಅಗ್ಗ. ಬಾಣಂತಿಯ ಮೀನೆಂಬ ಬಿರುದು ನಿಜವಾಗಿ ಸಲ್ಲಬೇಕಾದದ್ದು ಬೂತಾಯಿಗೆ.

ತಾಯಿ ಮೀನಿನ ಗತಿ

ಮಗುವಿನ ದೃಷ್ಟಿಯಿಂದ ನೋಡಿದ್ದಾಯಿತು. ಮೀನಿನ ದೃಷ್ಟಿಯಿಂದಲೂ ಒಮ್ಮೆ ನೋಡೋಣ. ಹಾಲು ಶಾರ್ಕ್ ಬಹಳ ಕಾಲ ‘ಚಿಂತೆಯಿಲ್ಲ’ ಎಂಬ ಪಟ್ಟಿಯಲ್ಲಿತ್ತು. 2020ರ ಪರಿಶೀಲನೆಯಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯಕ್ಕೆ ಗುರಿಯಾಗಬಲ್ಲ ಜಾತಿಗಳ ಪಟ್ಟಿಗೆ ಸೇರಿಸಿತು. ಅರಬ್ಬೀ ಸಮುದ್ರ ಮತ್ತು ಸುತ್ತಲಿನ ನೀರಿನ ಶಾರ್ಕ್, ತೊರಕೆ ಮೊದಲಾದ 153 ಜಾತಿಗಳನ್ನು 2017ರಲ್ಲಿ ತಜ್ಞರು ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚು ಜಾತಿಗಳು ಅಪಾಯದಲ್ಲಿರುವುದು ಕಂಡಿತು. ಆ ಕೆಲಸದ ಮುಂದಾಳು ರೀಮಾ ಜಬಾದೊ. ನಮ್ಮ ಅಲ್ ಐನ್‌ನ ಯು.ಎ.ಇ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ಇವರು ಇಲ್ಲಿಯ ಮೀನುಗಾರರನ್ನು ಮಾತನಾಡಿಸಿ, ಮಾರುಕಟ್ಟೆಗಳಲ್ಲಿ ನಿಂತು ಶಾರ್ಕುಗಳನ್ನು ಅಳೆದು ಲೆಕ್ಕ ಬರೆದವರು. ಮೊದಲಿಗಿಂತ ಶಾರ್ಕ್ ಕಡಿಮೆಯಾಗಿದೆ ಎಂದು ಹೆಚ್ಚಿನ ಮೀನುಗಾರರೇ ಅವರಿಗೆ ಹೇಳಿದರು.

ಕಾಯಿದೆಗಳೂ ಬಂದಿವೆ. ಯು.ಎ.ಇ.ಯಲ್ಲಿ 2019ರ ಆದೇಶದಂತೆ ಮಾರ್ಚಿನಿಂದ ಜೂನ್ ಕೊನೆಯವರೆಗೆ ಶಾರ್ಕ್ ಹಿಡಿಯುವಂತಿಲ್ಲ. ಭಾರತ 2015ರಲ್ಲಿ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಲ್ಲಿಸಿತು. ಹಾಲು ಶಾರ್ಕ್ ಸೇರಿದ ಇಡೀ ಕುಟುಂಬವನ್ನು 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ ಸಮ್ಮೇಳನ ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಅನುಮತಿ ಪತ್ರ ಬೇಕಾದ ಪಟ್ಟಿಗೆ ಸೇರಿಸಿತು. 2023ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ರಜೆಗೆ ಹೋಗಿ ಬರುವಾಗ ಒಣಗಿಸಿದ ಶಾರ್ಕನ್ನು ಪೆಟ್ಟಿಗೆಗೆ ಹಾಕಿಕೊಳ್ಳುವ ಅಭ್ಯಾಸವಿರುವವರು ಇದನ್ನು ಗಮನಿಸಬೇಕು.

ನಮ್ಮ ಕರ್ನಾಟಕದ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ ವಿಶ್ರಾಂತಿ ಬೂತಾಯಿಗೆ ಬಹಳ ಉಪಕಾರಿ. ವರ್ಷವಿಡೀ ಗರ್ಭ ಹೊರುವ ತಾಟೆಗೆ ಎರಡು ತಿಂಗಳ ವಿಶ್ರಾಂತಿಯಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ಟ್ರಾಲ್ ಬಲೆ ತಾಯಿಯನ್ನೂ ಹೊಟ್ಟೆಯ ಮರಿಗಳನ್ನೂ ಒಟ್ಟಿಗೇ ಎಳೆದು ತರುತ್ತದೆ. ಮಾರುಕಟ್ಟೆಯಲ್ಲಿ ಹೊಟ್ಟೆ ಸೀಳಿದಾಗ ಹೊಕ್ಕುಳಬಳ್ಳಿ ಸಮೇತ ಮರಿಗಳು ಹೊರಬೀಳುವುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅಂತಹ ಮರಿಯೇ ಬಾಣಂತಿಗೆ ಶ್ರೇಷ್ಠ ಎಂಬ ಮಾತನ್ನೂ ಕೇಳಿದ್ದೇನೆ. ಒಬ್ಬ ತಾಯಿಯ ಹಾಲಿಗಾಗಿ ಇನ್ನೊಬ್ಬ ತಾಯಿಯ ಬಸಿರು. ಅದೂ ಬಾರದ ಹಾಲಿಗಾಗಿ.

ಹಾಗೆಂದು ಊರಿನಿಂದ ಬಂದ ತಾಯಿಯ ಜೊತೆ ಯಾರೂ ಜಗಳವಾಡಬೇಕಾಗಿಲ್ಲ. ಮಗಳು ಎರಡು ತುತ್ತು ಹೆಚ್ಚು ಉಣ್ಣಲಿ ಎಂಬ ಅಕ್ಕರೆಯೇ ಆಕೆ ತಾಟೆ ಕೇಳಲು ಕಾರಣ. ಆ ಅಕ್ಕರೆಗೆ ಬೂತಾಯಿ ಪುಳಿಮುಂಚಿ ಆದೀತು, ಬಂಗುಡೆ ಗಸಿ ಆದೀತು, ಮೆಂತೆ ಗಂಜಿ ಆದೀತು. ಶಾಕಾಹಾರಿಗಳಿಗೆ ಹೆಸರುಬೇಳೆ ತೊವ್ವೆಯೂ ಆದೀತು. ಅಮ್ಮನಿಗೆ ಇಷ್ಟು ಹೇಳಿದರೆ ಸಾಕು: ‘ತಾಟೆ ಇಲ್ಲಿಯೂ ಸಿಗುತ್ತದಮ್ಮಾ, ಆದರೆ ಮಗು ಹಾಲು ಬಿಡುವವರೆಗೆ ಬೇಡ ಎನ್ನುತ್ತಾರೆ ಡಾಕ್ಟರು.’ ಮೊಮ್ಮಗುವಿನ ಹೆಸರು ಹೇಳಿದ ಮೇಲೆ ಯಾವ ಅಜ್ಜಿ ಬೇಡವೆಂದಾಳು? ಮಗು ಅನ್ನ ತಿನ್ನುವ ಕಾಲಕ್ಕೆ, ಮನೆಯ ದೊಡ್ಡವರು ವರ್ಷಕ್ಕೊಮ್ಮೆಯೋ ಎರಡು ಸಲವೋ ಹುಳಿ ಹಾಕಿದ ತಾಟೆಯ ರುಚಿ ನೋಡಿದರೆ ಆರೋಗ್ಯಕ್ಕೆ ಹಾನಿಯಿಲ್ಲ. ಆಗ ಕೊಳ್ಳುವಾಗ ಬಾಯಿಯ ಮೂಲೆಯ ಗೆರೆ ನೋಡಿ, ವಾಸನೆ ನೋಡಿ, ತಿಂಗಳು ಯಾವುದೆಂದು ನೋಡಿ. ಹೊಟ್ಟೆ ಉಬ್ಬಿದ ಹೆಣ್ಣು ಮೀನನ್ನು ಮಾತ್ರ ಅಲ್ಲಿಯೇ ಬಿಟ್ಟುಬನ್ನಿ. ಕೊಳ್ಳುವವರಿಲ್ಲವೆಂದು ಗೊತ್ತಾದರೆ ತರುವವರೂ ನಿಧಾನವಾಗಿ ಕಡಿಮೆಯಾಗುತ್ತಾರೆ.